ಎರಡು ನಂಬರಿನ ನೋಟು

ಹೊರಡುವ ಹಿಂದಿನ ರಾತ್ರಿ ತಿಪ್ಪೇಶ
ಕರೆಂಟ್ ಬಿಲ್ಲಿನ ಬೆನ್ನಿಗೆ ಪಟ್ಟಿ ಬರೆದ:
ಸ್ಟೇಷನ್ನಿನಲ್ಲಿ ಬ್ಯಾಗಿಗೆ ಕೈ ಹಾಕುವವನಿಗೆ ಬ್ಯಾಗು ಕೊಡಬಾರದು.
ಲಾಡ್ಜು ಮುಚ್ಚಿದೆ ಎಂದವನನ್ನು ನಂಬಬಾರದು.
ಟಾಂಗಾ ಹತ್ತುವ ಮೊದಲೇ ಮಾತಾಗಬೇಕು,
ತಲೆಗೋ, ಗಾಡಿಗೋ, ಬರುವುದೂ ಸೇರಿಯೋ.
ನಾನು ನಕ್ಕೆ.
ಕ್ಯಾಶ್ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ;
ನೋಟು ಸುಳ್ಳು ಹೇಳಿದರೆ ಕಣ್ಣಿಗಿಂತ ಮೊದಲು
ನನ್ನ ಹೆಬ್ಬೆರಳಿಗೆ ತಿಳಿಯುತ್ತದೆ.

ವಿಜಯಪುರದಲ್ಲಿ ಇಳಿದಾಗ ಡಿಸೆಂಬರಿನ ಬೆಳಗು
ಎಲ್ಲರ ಬಾಯಿಂದಲೂ ಹೊಗೆ ಬಿಡಿಸುತ್ತಿತ್ತು.
ನಾದಿನಿ ಬೋರಮ್ಮ ಎಂದರೆ ಒಂದು ಮಫ್ಲರು, ಎರಡು ಕಣ್ಣು.
"ಆ ಲಾಡ್ಜ್ ಬಂದ್ ಆಗ್ಯಾದರಿ, ನಮ್ಮ ಕಾಕಾಂದೊಂದು ಅದ"
ಎಂದವನಿಗೆ ತಿಪ್ಪೇಶ ಪಟ್ಟಿಯನ್ನೇ ತೋರಿಸಿದ.
ಗೆದ್ದೆವು ಅನಿಸಿತು.

ಗೋಳಗುಮ್ಮಟದ ಎದುರು ತಳ್ಳುಗಾಡಿ,
ಮನೂಕದ ಗುಡ್ಡೆಗಳು: ಹಸಿರು, ಕಪ್ಪು, ಜೇನುಬಣ್ಣ.
"ತಿಂದ್ ನೋಡ್ರಿ ಅಕ್ಕಾರ, ತಗೋಳೂದು ಬಿಡೂದು ಆಮ್ಯಾಲ."
ತಿಂದೆ. ಚೌಕಾಸಿ ಮಾಡಿ ಮೂವತ್ತು ಇಳಿಸಿದೆ.
ತಕ್ಕಡಿಯ ಸೊನ್ನೆ ನೋಡಿದೆ, ಚೀಲದ ತೂಕ ಕಳೆಯಿಸಿದೆ.
ಚಿಲ್ಲರೆಯನ್ನು ಮಾತ್ರ, ಮರಗಟ್ಟಿದ ಬೆರಳುಗಳಲ್ಲಿ,
ಗುಮ್ಮಟ ನೋಡುತ್ತ
ಹಾಗೇ ಪರ್ಸಿಗೆ ಹಾಕಿದೆ.

ಟಿಕೆಟಿನ ಕಿಟಕಿ ಅದನ್ನು ಹೊರಕ್ಕೆ ದೂಡಿತು.
ಇನ್ನೂರರ ನೋಟು. ನಡುವೆ ಅಂಟುಪಟ್ಟಿ.
ಎಡಕ್ಕೊಂದು ನಂಬರು, ಬಲಕ್ಕೊಂದು.
ಹುಟ್ಟಾ ಪರಿಚಯವಿಲ್ಲದ ಎರಡು ಅರ್ಧಗಳು
ಗಂಡಹೆಂಡಿರ ಹಾಗೆ ಒತ್ತಿಕೊಂಡು ಕೂತಿದ್ದವು.
ನನ್ನ ಕೌಂಟರಿಗೆ ಬಂದಿದ್ದರೆ ನಾನೂ ಮುಟ್ಟುತ್ತಿರಲಿಲ್ಲ.
ಓಡಿಬಂದು ನೋಡಿದರೆ, ತಳ್ಳುಗಾಡಿ ಇದ್ದಲ್ಲಿ
ನಾಯಿಯೊಂದು ಬಿಸಿಲು ಕಾಯುತ್ತ ಮಲಗಿತ್ತು.

ಮೇಲೆ, ಪಿಸುಮಾತಿನ ಸುತ್ತಿನಲ್ಲಿ,
ಬೋರಮ್ಮ ಗೋಡೆಗೆ ಬಾಯಿಟ್ಟು ಕೇಳಿದಳು:
"ಎಷ್ಟರ ಟೋಪಿ ಬಿತ್ತು ಅತ್ತಿಗೇ?"
ಆಚೆ ಬದಿಯ ಶಾಲೆಮಕ್ಕಳೆಲ್ಲ
ತಿರುಗಿ ನನ್ನನ್ನೇ ನೋಡಿದರು.

ಟಾಂಗಾದ ಲಾಡ್ಲೇಸಾಬ ದಿನವಿಡೀ ತಿರುಗಿಸಿದ,
ಬಾರಾಕಮಾನು, ತಾಜ್ ಬಾವಡಿ, ಉಪ್ಪಲಿ ಬುರುಜು.
ಅವನ ಕುದುರೆಯ ಹೆಸರು ತಹಶೀಲ್ದಾರ್:
"ಮನಸಿಗಿ ಬಂದಾಗ ಅಷ್ಟ ಕೆಲಸ ಮಾಡ್ತದರಿ."
ಮಾತಾಗಿದ್ದು ನಾನೂರು.
ಸಂಜೆ ಇಬ್ರಾಹಿಂ ರೋಜಾದ ಬಾಗಿಲಲ್ಲಿ
ಇನ್ನೂರರದು ಎರಡು ಕೊಟ್ಟೆ.
ಒಳ್ಳೆಯದು ಮೇಲೆ. ಅದು ಕೆಳಗೆ,
ಅಂಟು ಒಳಮಗ್ಗುಲಿಗೆ ಬರುವಂತೆ ಮಡಚಿ.
ಹೆಬ್ಬೆರಳಿಗೆ ಎಲ್ಲ ತಿಳಿದಿತ್ತು.
ಸುಮ್ಮನಿತ್ತು.
ಲಾಡ್ಲೇಸಾಬ ಎಣಿಸದೆ, ಕಣ್ಣಿಗೊತ್ತಿ, ಕಿಸೆಗಿಟ್ಟ.

ನಾಲ್ಕು ಹೆಜ್ಜೆ ಹೋಗಿಲ್ಲ, "ಅಕ್ಕಾರ!"
ಚಳಿ ಸ್ವೆಟರಿನೊಳಗೇ ಹುಟ್ಟಿ ಬೆನ್ನಿಗಿಳಿಯಿತು.
"ಒಂದ್ ಮಾತ್ ಹೇಳೂದ ಮರತೆ ನೋಡ್ರಿ.
ಗುಮ್ಮಟದ ಮುಂದ ಮನೂಕ ಮಾರಾವ ಒಬ್ಬ ನಿಂದರ್ತಾನ.
ಅವನ ಕಡೆ ಚಿಲ್ಲರ ತಗೊಂಡ್ರ ಬಿಚ್ಚಿ ನೋಡ್ಕೋರಿ,
ಹರಕ ನೋಟ ದಾಟಸ್ತಾನ.
ಪರಊರ ಮಂದಿ, ಯಾರ ಮುಂದ ಹೇಳ್ಕೋತೀರಿ ಪಾಪ."

ತಿಪ್ಪೇಶ ಪಟ್ಟಿ ತೆಗೆದು ಬರೆದುಕೊಂಡ.
ನಾನು ಆ ಮುಖದಲ್ಲಿ ಹುಡುಕಿದೆ,
ಗೊತ್ತಿದ್ದೇ ಹೇಳಿದನೆ?
ಮುಸ್ಸಂಜೆ. ಉಲ್ಲನ್ ಟೋಪಿ, ನರೆತ ಗಡ್ಡ, ಬೀಡಿಯ ಕಿಡಿ,
ಕಂಡದ್ದು ಅಷ್ಟೇ. ತಹಶೀಲ್ದಾರ್ ಮೂತಿ ತಿರುಗಿಸಿತು.
"ಹೂಂ" ಅಂದೆ. "ಉಪಕಾರ ಆಯ್ತು" ಅಂದೆ.
ಪರ್ಸಿನಲ್ಲಿ ಐನೂರರ ಒಳ್ಳೆಯ ನೋಟು ಮೂರಿದ್ದವು.
ಗೊರಸಿನ ಸದ್ದು ಬಸ್ಸುಗಳಲ್ಲಿ ಕರಗುವವರೆಗೂ
ಜಿಪ್ಪು ತೆರೆಯುತ್ತ ಎಳೆಯುತ್ತ
ನಿಂತೇ ಇದ್ದೆ.

ರಾತ್ರಿ ರೈಲಿನಲ್ಲಿ ಬೋರಮ್ಮ ಮನೂಕದ ಚೀಲ ಬಿಚ್ಚಿದಳು.
ನನಗೂ ಒಂದು ಹಿಡಿ.
ಹುಳಿ ಇರಬಹುದೆಂದು, ಕಲ್ಲು ಸಿಗಬಹುದೆಂದು,
ಸಿಗಲಿ ಎಂದು,
ಒಂದೊಂದನ್ನೇ ಹಲ್ಲಿಗೆ ಕೊಟ್ಟು ನೋಡಿದೆ.
ಇಲ್ಲ.
ಬಾದಾಮಿ ದಾಟಿದರೂ
ಬಾಯಲ್ಲಿ ಸಿಹಿ ಹಾಗೆಯೇ ಇತ್ತು.